ಮಾಲಕರು ಮಲಗಿದ್ದ ವರ್ಷ

ಗೇಟಿಗೆ ಟವೆಲ್ ಈಗಲೂ ಕಟ್ಟಿತ್ತು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಅಲ್ಲಿಂದ ಹಟ್ಟಿ ಅಂತ ಮೂರು ಬಸ್ಸು ಬದಲಿಸಿ, ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು, ನಾವು ಹಿಂದೆ ಬಾಡಿಗೆಗಿದ್ದ ಆ ಓಣಿಗೆ ಬಂದಿದ್ದೆ. ಬಿಸಿಲಿಗೆ ಬಣ್ಣ ಹೋದ ಹಸಿರು ಟವೆಲ್, ಗೇಟಿನ ಅದೇ ಸರಳಿಗೆ ಅದೇ ಗಂಟು. ನಾಲ್ಕು ವರ್ಷವಾದರೂ ಈ ಮನೆಯೊಡತಿಗೆ ಸಾಕಾಗಿಲ್ಲವೇ ಅಂದುಕೊಂಡೆ. ಮೈಯೆಲ್ಲ ಉರಿದುಹೋಯಿತು.

ಅಲ್ಲಿಗೆ ನಾನೇನು ಹಳೆಯ ಸ್ನೇಹ ಕೂಡಿಸಲು ಹೋಗಿರಲಿಲ್ಲ. ಹಿಂದಿನ ವಾರ ಸಿಂಧನೂರಿನಲ್ಲಿ ಮಗಳು ಆಫ್ರೀನಳ ಕ್ಲಾಸ್ ಟೀಚರ್ ನನ್ನನ್ನು ಕರೆಸಿದ್ದಳು. ನಾನೂ ಮೇಷ್ಟರಗಿರಿ ಮಾಡುವವಳು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅದಕ್ಕೇ ಆಕೆ ಬಹಳ ಅಳುಕಿನಿಂದ ಶುರುಮಾಡಿದಳು.

"ತಪ್ಪು ತಿಳ್ಕೊಬ್ಯಾಡ್ರಿ ಮೇಡಂ. ಆಫ್ರೀನ್ ಬರ್ಯೋದ್ರಾಗ ಕ್ಲಾಸಿಗೇ ಮೊದಲು. ಆದ್ರ ಬಾಯೇ ಬಿಡಂಗಿಲ್ಲ. ಪದ್ಯ ಹೇಳು ಅಂದ್ರ ಕಿವ್ಯಾಗ ಪಿಸುಗುಡ್ತಾಳ. ಹಾಜರಿ ಕರದಾಗ 'ಎಸ್ ಟೀಚರ್' ಅನ್ನೋದು ಕೇಳಂಗೇ ಇಲ್ರಿ. ಆಕಿ ಎದುರಿಗೇ ಕುಂತಿರ್ತಾಳ, ಎಷ್ಟೋ ಸಲ ನಾ ಗೈರು ಹಾಕೀನಿ." ಆಮೇಲೆ ದನಿ ಇಳಿಸಿ ಕೇಳಿದಳು: "ಮನ್ಯಾಗ ಯಾರರ ಹೊಡಿತಾರೇನ್ರಿ?"

ಹೊಡೆಯುವುದಂತೆ! ಗಂಟಲು ತೋರಿಸಿಯಾಗಿದೆ, ಕಿವಿ ತೋರಿಸಿಯಾಗಿದೆ, ರಾಯಚೂರಿಗೂ ಕರೆದೊಯ್ದಾಗಿದೆ. ಎಲ್ಲ ಸರಿ ಇದೆ, ದೊಡ್ಡವಳಾದಂತೆ ಮಾತಾಡುತ್ತಾಳೆ ಅನ್ನುತ್ತಾರೆ. ಆ ದನಿ ಎಲ್ಲಿ ಹೋಯಿತು ಅಂತ ಡಾಕ್ಟರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಹಟ್ಟಿಯಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ, ಒಂದೇ ವರ್ಷದಲ್ಲಿ, ನನ್ನ ಕಣ್ಣೆದುರಿಗೇ ಹೋಯಿತು.

ಆಗ ಆಫ್ರೀನಳಿಗೆ ನಾಲ್ಕು ವರ್ಷ. ಸಿಂಧನೂರಿನ ನಮ್ಮ ಮಾಳಿಗೆಯ ಮೇಲೆ ನಿಂತು ಆಕೆ ಕೂಗಿದರೆ, ಕೆಳಗೆ ರಸ್ತೆಯಲ್ಲಿ ಭತ್ತದ ಚೀಲ ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನವನು ತಿರುಗಿ ನೋಡಬೇಕು, ಅಂಥ ದನಿ. ಆಕೆಯ ದಾದಿ, ಅಂದರೆ ನಮ್ಮ ಅತ್ತೆ, ಆಕೆಗೆ ಭೋಂಗಾ, ಅಂದರೆ ಮೈಕಿನ ಹಾರ್ನು, ಅಂತಲೇ ಹೆಸರಿಟ್ಟಿದ್ದರು. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಬೀದಿಯಲ್ಲಿ ಆಕೆ ಕಲಿತಿದ್ದು ಕನ್ನಡ. ಎರಡರಲ್ಲೂ ಒಂದೇ ಸಮನೆ ಗದ್ದಲ ಹಾಕುತ್ತಿದ್ದಳು. ಆ ಜೂನಿನಲ್ಲಿ ನನಗೆ ಹಟ್ಟಿಯ ಕಡೆಗೆ ಪೋಸ್ಟಿಂಗ್ ಆಯಿತು. ನಮ್ಮವರದು ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ನಾಟಿಯ ಹೊತ್ತು ಬೇರೆ, ಅಂಗಡಿ ಬಿಟ್ಟು ಅವರು ಅಲುಗಾಡುವಂತಿರಲಿಲ್ಲ. ನಾನು ಮಗಳನ್ನು ಕಟ್ಟಿಕೊಂಡು ಹೊರಟೆ.

ಸಿಂಧನೂರಿನ ಹಸಿರು ಗದ್ದೆ, ಕಾಲುವೆ ನೀರು ನೋಡಿ ಬೆಳೆದ ಕಣ್ಣಿಗೆ ಆ ಊರು ಬೇರೆಯದೇ ಲೋಕ. ಕಲ್ಲು, ಜಾಲಿ, ಕೆಂಪು ದೂಳು, ಎಲ್ಲಿ ನಿಂತರೂ ಕಾಣುವ, ಚಿನ್ನದ ಗಣಿಗೆ ಆಳು ಇಳಿಸುವ ಶಾಫ್ಟಿನ ಕಬ್ಬಿಣದ ಗೋಪುರ. ಊರಿನ ಗಡಿಯಾರವೇ ಗಣಿಯ ಸೈರನ್ನು. ಅದು ಕೂಗಿದರೆ ಒಂದಿಷ್ಟು ಗಂಡಸರು ಭೂಮಿಯೊಳಗೆ ಇಳಿದರು, ಒಂದಿಷ್ಟು ಗಂಡಸರು ಮೇಲೆ ಬಂದರು ಅಂತ ಲೆಕ್ಕ. ಕ್ಯಾಂಪಿನ ಕ್ವಾರ್ಟರ್ಸು ಗಣಿಯ ಮಂದಿಗೆ. ನಮ್ಮಂಥ ಹೊರಗಿನವರಿಗೆ ಊರೊಳಗಿನ ಬಾಡಿಗೆ ಮನೆಯೇ ಗತಿ. ಮನೆಗಳೇನೋ ಇದ್ದವು. ಆದರೆ ಬಾಗಿಲಿಗೊಂದು ಬೋರ್ಡು: ಫ್ಯಾಮಿಲಿಗೆ ಮಾತ್ರ.

"ಫ್ಯಾಮಿಲಿ ಅದಾರೇನ್ರಿ?"

"ಅದೀವ್ರಿ. ನಾನು, ನನ್ನ ಮಗಳು. ಮನಿಯವ್ರು ಸಿಂಧನೂರಾಗ ಇರ್ತಾರ, ಐತವಾರ ಬಂದು ಹೋಗ್ತಾರ."

"ಹಂಗಾದ್ರ ಅದು ಫ್ಯಾಮಿಲಿ ಹೆಂಗ ಆಗ್ತದ್ರಿ?"

ಬೆಳಿಗ್ಗೆಯಿಂದ ಸಂಜೆಯವರೆಗೆ ದುಡಿಯುವ ಹೆಂಗಸು, ಆಕೆಯ ಕೂಸು, ಇದು ಅವರ ಪ್ರಕಾರ ಫ್ಯಾಮಿಲಿ ಅಲ್ಲ. ಮೀಸೆ ಹೊತ್ತವನೊಬ್ಬ ವರಾಂಡದಲ್ಲಿ ಪೇಪರ್ ಹಿಡಿದು ಕೂತಿರಬೇಕು, ಆಗಲೇ ಅದು ಫ್ಯಾಮಿಲಿ. ಕೆಲವು ಮನೆಯವರು ಅಲ್ಲಿಯವರೆಗೂ ನಗುನಗುತ್ತ ಮಾತಾಡಿ, ನನ್ನ ಹೆಸರು ಶಮೀಮ್ ಅಂದ ಕೂಡಲೇ ನೆನಪಿಸಿಕೊಂಡರು: ಮಗಳು ಹೆರಿಗೆಗೆ ಬರುವವಳಿದ್ದಾಳೆ, ಬಣ್ಣ ಹಚ್ಚಿಸಬೇಕಾಗಿದೆ. ಬಣ್ಣ ಹಚ್ಚಿಸಬೇಕಾಗಿದ್ದ ಮನೆಯಲ್ಲಿ ಮರುವಾರವೇ ಬೇರೆಯವರ ಬಟ್ಟೆ ಒಣಗುತ್ತಿದ್ದವು. ಎಷ್ಟು ಮೆಟ್ಟಿಲು ಹತ್ತಿ ಇಳಿದೆನೋ, ಚಪ್ಪಲಿ ಸವೆದುಹೋಯಿತು.

ಹಾಗೆ ಅಲೆದು ಸುಸ್ತಾಗಿ ಬಂದವಳಿಗೆ ಸಿಕ್ಕವಳು ಅಮರಮ್ಮ. ನಲವತ್ತರ ಆಸುಪಾಸಿನ ಹೆಂಗಸು, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಕೆಳಗೆ ಎರಡು ಭಾಗ; ಒಂದರಲ್ಲಿ ಆಕೆ, ಇನ್ನೊಂದು ಬಾಡಿಗೆಗೆ. ಮೇಲೆ ಒಂದೇ ಒಂದು ಖೋಲಿ, ನೀರಿನ ಟ್ಯಾಂಕು.

"ಯಾವ ಮಂದಿ ಅಂತ ನಾ ಕೇಳಂಗಿಲ್ರಿ ಟೀಚರ್. ಏನ್ ಉಣ್ತೀರಿ ಅನ್ನೋದೂ ಕೇಳಂಗಿಲ್ಲ. ಸಪ್ಪಳ ಒಂದು ಮಾಡಬ್ಯಾಡ್ರಿ," ಅಂದಳು. "ನಮ್ಮ ಮಾಲಕರು ನೈಟ್ ಶಿಫ್ಟ್ ಮಾಡ್ತಾರ. ಹಗಲೆಲ್ಲ ಮ್ಯಾಲಿನ ಖೋಲ್ಯಾಗ ಮಲಗ್ತಾರ. ಭೂಮಿ ಒಳಗ ಇಳಿಯೋ ಮನಷ್ಯಾ ರೀ. ನಿದ್ದಿಗೆಟ್ಟು ಇಳಿದ್ರ ಅಲ್ಲಿ ಏನ್ ಬೇಕಾದ್ದು ಆಗಬಹುದು. ಆ ಪಾಪ ನಮಗ ಬ್ಯಾಡ."

ಮಾಲಕರು ಅಂದರೆ ಆಕೆಯ ಗಂಡ. ನಮ್ಮ ಕಡೆ ಹೆಂಗಸರು ಹಾಗೆಯೇ ಅನ್ನುವುದು. ಸಾವಿರಾರು ಅಡಿ ಕೆಳಗೆ ಹೋಗಿ ಬಂಡೆ ಒಡೆಯುವ ಮನುಷ್ಯನ ನಿದ್ದೆಯ ಮುಂದೆ ಯಾವ ಬಾಯಿಂದ ವಾದ ಮಾಡುವುದು? ಅದೂ ಅಷ್ಟು ಮನೆಗಳಲ್ಲಿ ಮುಖಕ್ಕೆ ಹೊಡೆಸಿಕೊಂಡು ಬಂದವಳು ನಾನು. ಆ ಹೆಂಗಸಿನ ಕಾಲಿಗೆ ಬೀಳುವುದೊಂದು ಬಾಕಿ. ಮಧ್ಯಾಹ್ನ ಅಂಗನವಾಡಿ ಬಿಟ್ಟ ಮೇಲೆ ಮಗಳನ್ನು ತಾನೇ ನೋಡಿಕೊಳ್ಳುತ್ತೇನೆ ಅಂತಲೂ ಅಂದಳು. ಆಕೆಗೆ ಮಕ್ಕಳಿರಲಿಲ್ಲ. ನಾನು ಸ್ವರ್ಗ ಸಿಕ್ಕಿತು ಅಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಓಣಿಗೊಂದು ಪದ್ಧತಿ ಇತ್ತು. ನೈಟ್ ಶಿಫ್ಟ್ ಮುಗಿಸಿ ಬಂದ ಗಂಡಸು ಮಲಗಿದ್ದರೆ ಗೇಟಿಗೆ ಟವೆಲ್ ಕಟ್ಟುವರು. ಟವೆಲ್ ಕಂಡರೆ ತರಕಾರಿ ಗಾಡಿಯವಳು ಬಾಯಿ ಮುಚ್ಚಿಕೊಂಡು ಮುಂದೆ ಹೋಗಿ ಕೂಗುವಳು, ಹಾಲಿನವನು ಹಾರ್ನ್ ಹೊಡೆಯದೆ ಬೈಕು ತಳ್ಳಿಕೊಂಡು ಬರುವನು. ಎಷ್ಟು ಒಳ್ಳೆಯ ಮಂದಿ ಅಂತ ನಾನು ಶಾಲೆಯಲ್ಲಿ ಹುಡುಗರಿಗೆ ಅದರ ಮೇಲೆ ಪ್ರಬಂಧವನ್ನೂ ಬರೆಸಿದೆ. ಎದುರು ಮನೆಯ ಟವೆಲ್ ಒಂದು ವಾರ ಇರುತ್ತಿತ್ತು, ಮುಂದಿನ ಎರಡು ವಾರ ಇರುತ್ತಿರಲಿಲ್ಲ, ಶಿಫ್ಟು ಬದಲಾಗುತ್ತಿತ್ತಲ್ಲ. ನಮ್ಮ ಗೇಟಿನದು ಮಾತ್ರ ಒಂದು ದಿನವೂ ಬಿಚ್ಚಲಿಲ್ಲ. ಕೇಳಿದರೆ ಅಮರಮ್ಮ, "ಮಾಲಕರು ಕೇಳಿ ನೈಟೇ ಹಾಕಿಸ್ಕೊಂಡಾರ್ರಿ," ಅಂದಳು. ಹೌದೇನೋ ಅಂದುಕೊಂಡೆ.

ಇನ್ನು ನಮ್ಮ ಸಂಸಾರದ ಚಂದ ಕೇಳಿ. ಮಿಕ್ಸಿ ಬಟ್ಟೆ ಸುತ್ತಿಕೊಂಡು ಕಪಾಟು ಸೇರಿತು. ಕುಕ್ಕರ್ ಸೀಟಿ ಹೊಡೆಯುತ್ತದೆ ಅಂತ ಅನ್ನವನ್ನು ಪಾತ್ರೆಯಲ್ಲಿ ಬಸಿದೆ. ಟಿವಿ ಚಿತ್ರ ತೋರಿಸುತ್ತಿತ್ತು, ಮಾತಾಡುತ್ತಿರಲಿಲ್ಲ. ಈದಿಗೆ ಆಫ್ರೀನಳಿಗೆ ದಾದಿ ಕೊಡಿಸಿದ್ದ ಬೂಟು, ಹೆಜ್ಜೆ ಇಟ್ಟರೆ ಕುಂಯ್ ಕುಂಯ್ ಅನ್ನುವಂಥದ್ದು, ಅದರ ಅಟ್ಟೆಯನ್ನು ಬ್ಲೇಡಿನಿಂದ ಸೀಳಿ ಒಳಗಿನ ಸೀಟಿ ತೆಗೆದುಹಾಕಿದೆ. ಆಕೆ ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, ಸದ್ದು ಬರದೆ, ಕಾಲೆತ್ತಿ ಅಟ್ಟೆ ನೋಡಿಕೊಂಡಳು. ಅಳಲಿಲ್ಲ. ಅತ್ತರೆ ಸಪ್ಪಳವಾಗುತ್ತದೆ ಅನ್ನುವುದನ್ನು ಅಷ್ಟರಲ್ಲಿ ಕಲಿಸಿಬಿಟ್ಟಿದ್ದೆ.

ಮೆಲ್ಲಕ ಮಾತಾಡು. ಮೆಲ್ಲಕ ನಡಿ. ಮೆಲ್ಲಕ ನಗು. ಆ ವರ್ಷ ನಾನು ಮಗಳಿಗೆ ಆಡಿದ ಮಾತೆಲ್ಲ ತೂಗಿದರೆ ಅರ್ಧ ಇದೇ ಇರುತ್ತದೆ. ತಮಾಷೆ ಏನೆಂದರೆ, ಗಣಿಯಲ್ಲಿ ಮದ್ದು ಹಾರಿಸಿದಾಗಲೆಲ್ಲ ನಮ್ಮ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಒಂದು ಸಲ ರೇಗಿ ಕೇಳಿಯೂಬಿಟ್ಟೆ: "ಅಲ್ಲಾ ಅಕ್ಕಾ, ಭೂಮಿ ನಡುಗಿದ್ರ ಎಚ್ಚರ ಆಗದವ್ರಿಗೆ ನನ್ನ ಕೂಸು ನಕ್ಕರ ಎಚ್ಚರ ಆಗ್ತದೇನು?"

"ಅದು ಅವ್ರಿಗೆ ರೂಢಿ ಐತ್ರಿ. ಕೂಸಿನ ದನಿ ರೂಢಿ ಇಲ್ಲ," ಅಂದಳು. ಅದನ್ನು ಹೇಳುವಾಗ ಆಕೆಯ ಮುಖ ಸಣ್ಣದಾಯಿತು. ಮಕ್ಕಳಿಲ್ಲದವಳ ಮನಸ್ಸು ನೋಯಿಸಿದೆನಲ್ಲ ಅಂತ ನಾನೇ ಕ್ಷಮೆ ಕೇಳಿದೆ. ನೋಡಿ, ಕ್ಷಮೆ ಕೇಳಿದ್ದು ನಾನು!

ದೀಪಾವಳಿ ರಜೆಯ ಮುಂಚೆ ಇರಬೇಕು, ಆಫ್ರೀನ್ ಅಂಗಳದ ಕಲ್ಲಿಗೆ ಎಡವಿ ಬಿದ್ದು ಮೊಣಕಾಲು ಒಡೆದುಕೊಂಡಳು. ಆಕೆ ಚೀರಲು ಬಾಯಿ ತೆರೆದಳು. ನಾನು ಓಡಿದೆ. ಓಡಿಹೋಗಿ ಮೊದಲು ಮುಟ್ಟಿದ್ದು ಮೊಣಕಾಲನ್ನಲ್ಲ. ಬಾಯಿಗೆ ಅಂಗೈ ಒತ್ತಿ ಹಿಡಿದೆ. ರಕ್ತ ಸುರಿಯುತ್ತಿತ್ತು, ಆಕೆಯ ಬಿಸಿ ಉಸಿರು ನನ್ನ ಕೈಯೊಳಗೆ ಬಡಿಯುತ್ತಿತ್ತು, ನನ್ನ ಕಣ್ಣು ಮೇಲಿನ ಕಿಟಕಿಯ ಮೇಲಿತ್ತು. ಥೂ. ಯಾವ ತಾಯಿ ಹಾಗೆ ಮಾಡುತ್ತಾಳೆ?

ಡಿಸೆಂಬರಿನ ಹೊತ್ತಿಗೆ ಹೇಳುವ ಅಗತ್ಯವೇ ಉಳಿಯಲಿಲ್ಲ. ಮಗಳು ಬೆಕ್ಕಿನಂತೆ ಓಡಾಡುತ್ತಿದ್ದಳು. ಮಾತು ಬೇಕಾದರೆ ಬಂದು ಸೆರಗು ಎಳೆಯುವಳು, ನಾನು ಬಗ್ಗಬೇಕು. ಎಷ್ಟೋ ಸಲ ಕೈಯಲ್ಲಿ ಕೆಲಸವಿದ್ದು ಬಗ್ಗುತ್ತಿರಲಿಲ್ಲ, ಹ್ಞೂಂ ಹ್ಞೂಂ ಅಂದು ಕಳಿಸುತ್ತಿದ್ದೆ. ಶಾಲೆಗೆ ಕರೆದೊಯ್ದಾಗ ಸ್ಟಾಫ್ ರೂಮಿನವರೆಲ್ಲ, "ಎಷ್ಟು ಶಾಣ್ಯಾ ಹುಡುಗಿರಿ, ಇದ್ದದ್ದೇ ಗೊತ್ತಾಗಂಗಿಲ್ಲ," ಅನ್ನುವರು. ನಾನು ಬೀಗುತ್ತಿದ್ದೆ.

ಅಷ್ಟು ದಿನದಲ್ಲಿ ಆ ಮನುಷ್ಯನ ಮುಖ ಒಮ್ಮೆಯೂ ನೋಡಲಿಲ್ಲವೇ ಅಂತ ನೀವು ಕೇಳಬಹುದು. ನೋಡಲಿಲ್ಲ. ನಾನು ಶಾಲೆಗೆ ಹೊರಡುವಾಗ "ಈಗ ಬಂದು ಮಲಗ್ಯಾರ" ಆಗಿರುತ್ತಿತ್ತು, ಬರುವಾಗ "ಇನ್ನೂ ಎದ್ದಿಲ್ರಿ" ಆಗಿರುತ್ತಿತ್ತು, ರಾತ್ರಿ ನಾವು ಮಲಗಿದ ಮೇಲೆ "ಡ್ಯೂಟಿಗೆ ಹೋದ್ರು" ಆಗಿರುತ್ತಿತ್ತು. ಐತವಾರ ನಾವೇ ಸಿಂಧನೂರಿಗೆ ಹೋಗುತ್ತಿದ್ದೆವು. ತಂತಿಯ ಮೇಲೆ ದಿನಾ ಒಗೆದ ಲುಂಗಿ, ಅಂಗಿ. ತೊಳೆದು ಬೋರಲು ಹಾಕಿದ ಟಿಫಿನ್ ಡಬ್ಬಿ. ಮೆಟ್ಟಿಲ ಬುಡದಲ್ಲಿ ಒಂದು ಜೊತೆ ಬೂಟು. ಇನ್ನೊಬ್ಬಳ ಗಂಡನನ್ನು ಇಣುಕಿ ನೋಡುವ ಚಟ ನನಗಿರಲಿಲ್ಲ.

ಫೆಬ್ರುವರಿಯ ಒಂದು ಮಧ್ಯಾಹ್ನ ಜ್ವರ ಬಂತೆಂದು ಶಾಲೆಯಿಂದ ಬೇಗ ಬಂದೆ. ಟ್ಯಾಂಕು ತುಂಬಿ ನೀರು ಮೆಟ್ಟಿಲ ಮೇಲೆ ಧೋ ಅಂತ ಇಳಿಯುತ್ತಿತ್ತು. ಆ ಊರಿನಲ್ಲಿ ನೀರು ಹಾಗೆ ಹರಿದುಹೋಗುವುದೆಂದರೆ ಹೊಟ್ಟೆ ಉರಿಯುತ್ತದೆ. ಅಮರಮ್ಮ ಮನೆಯಲ್ಲಿರಲಿಲ್ಲ, ಮಗಳನ್ನು ಕರೆದುಕೊಂಡು ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮೋಟಾರು ಬಂದ್ ಮಾಡುವ ಗುಂಡಿ ಮೇಲೆಯೇ ಇತ್ತು. ಬೆರಳ ತುದಿಯಲ್ಲಿ ಹತ್ತಿದೆ, ಎಲ್ಲಿ ಮಾಲಕರ ನಿದ್ದೆ ಕೆಡುತ್ತದೋ ಅಂತ. ಬಾಗಿಲು ಓರೆಯಾಗಿತ್ತು.

ಒಳಗೆ ಕಬ್ಬಿಣದ ಮಂಚ. ಅದರ ಮೇಲೆ ಸುರುಳಿ ಸುತ್ತಿ ಹಗ್ಗ ಬಿಗಿದ ಗಾದಿ, ಬೆರಳು ಎಳೆದರೆ ಗೆರೆ ಮೂಡುವಷ್ಟು ದೂಳು. ಗೋಡೆಗೆ ಒತ್ತಿ ಜೋಳದ ಚೀಲ. ನೆಲದ ತುಂಬ ಉಳ್ಳಾಗಡ್ಡಿ ಹರವಿತ್ತು. ಆ ಖೋಲಿಯಲ್ಲಿ ವರ್ಷಗಳಿಂದ ಯಾರೂ ಮಲಗಿರಲಿಲ್ಲ.

ಜ್ವರದಲ್ಲೇ ಇಳಿದು ಎದುರಿನ ಕಿರಾಣಿ ಅಂಗಡಿಯ ಶರಣಪ್ಪನ ಮುಂದೆ ಹೋಗಿ ನಿಂತೆ. ವಯಸ್ಸಾದ ಮನುಷ್ಯ, ದಿನಾ ನಮಸ್ಕಾರ ಮಾಡುವವನು.

"ಅಮರಮ್ಮನ ಮಾಲಕರು ಎಲ್ಲಿ ಅದಾರ್ರಿ?"

ಆತ ತಕ್ಕಡಿ ಕೆಳಗಿಟ್ಟ. "ಅಂವ ಗುರುಗುಂಟಾದಾಗ ಬ್ಯಾರೆ ಮನಿ ಮಾಡ್ಯಾನ್ರಿ ಟೀಚರ್. ಅಲ್ಲಿ ಇನ್ನೊಬ್ಬಾಕಿ ಅದಾಳ. ಅಲ್ಲಿಂದನ ಡ್ಯೂಟಿಗೆ ಬರ್ತಾನ. ಮೂರು ವರ್ಷ ಆತು."

"ಮತ್ತ ಈ ಟವೆಲ್?"

"ಪಾಪ, ಆಕಿ ಕಟ್ತಾಳ. ನಾವು ಸುಮ್ಮನಿರ್ತೀವಿ."

"ನನಗ ಯಾರೂ ಯಾಕ ಹೇಳಲಿಲ್ರಿ?"

"ನೀವು ಕೇಳಲಿಲ್ಲಲ್ರಿ."

ಇಡೀ ಓಣಿಗೆ ಗೊತ್ತಿತ್ತು! ಗಾಡಿಯವಳಿಗೆ ಗೊತ್ತಿತ್ತು, ಬೈಕು ತಳ್ಳುವ ಹಾಲಿನವನಿಗೆ ಗೊತ್ತಿತ್ತು. ಒಬ್ಬಳ ಮಾನ ಕಾಯಲು ಎಲ್ಲರೂ ಸೇರಿ ನಾಟಕ ಆಡುತ್ತಿದ್ದರು, ನಾಟಕ ಅಂತ ತಿಳಿಯದೆ ಮಗಳ ಬಾಯಿ ಮುಚ್ಚಿದವಳು ನಾನೊಬ್ಬಳೇ.

ಅಮರಮ್ಮ ಹಿಟ್ಟಿನ ಡಬ್ಬಿ ಹೊತ್ತು ಬಂದಳು. ಮಗಳನ್ನು ಒಳಗೆ ಕಳಿಸಿ, ಆ ವರ್ಷದಲ್ಲಿ ಮೊದಲ ಸಲ ಆ ಅಂಗಳದಲ್ಲಿ ದನಿ ಎತ್ತಿದೆ. "ನಾಚಿಕಿ ಆಗಂಗಿಲ್ಲೇನು ನಿಮಗ? ಖಾಲಿ ಖೋಲಿ ಸಲುವಾಗಿ ನನ್ನ ಕೂಸಿನ ಬಾಯಿ ಹೊಲಿಸಿದ್ರಲ್ಲ!"

ಆಕೆ ಡಬ್ಬಿ ಇಳಿಸಲೂ ಇಲ್ಲ. "ಮೆಲ್ಲಕ ಮಾತಾಡ್ರಿ ಟೀಚರ್," ಅಂದಳು. ಆಗಲೂ! "ಓಣಿಗೆ ಗೊತ್ತೈತಿ ಅಂತ ನನಗೂ ಗೊತ್ತೈತ್ರಿ. ಆದ್ರ ಟವೆಲ್ ಕಟ್ಟಿದ್ರ ಯಾರೂ ಬಾಯಿ ಬಿಟ್ಟು ಅನ್ನಂಗಿಲ್ಲ. ಕೂಸು ಗದ್ದಲ ಹಾಕಿದ್ರೂ ಮ್ಯಾಲಿಂದ ಯಾರೂ ಬೈಲಿಲ್ಲ ಅಂದ್ರ, ಆವತ್ತ ಎಲ್ಲಾರೂ ಎದುರಿಗೇ ಕೇಳ್ತಾರ, ಎಲ್ಲಿ ಅದಾನ ನಿನ್ನ ಗಂಡ ಅಂತ. ಗಂಡ ಬಿಟ್ಟಾಕಿ ಮನಿಗೆ ಬಾಡಿಗಿ ಕೇಳ್ಕೊಂತ ಎಂಥೆಂಥವ್ರು ಬರ್ತಾರ, ನಿಮಗ ಗೊತ್ತಿಲ್ಲ." ಆಮೇಲೆ ಡಬ್ಬಿ ಕೆಳಗಿಟ್ಟು ಅಂದಳು: "ನಿಮ್ಮ ಕೂಸಿಗೆ ನಾ ಏನ್ ಕೆಟ್ಟದ್ದು ಮಾಡೀನ್ರಿ? ಉಣ್ಣಿಸೀನಿ, ತಲಿ ಹಿಕ್ಕೀನಿ, ಮಡಿಲಾಗ ಹಾಕ್ಕೊಂಡು ಮಲಗಿಸೀನಿ."

ಎಲ್ಲ ನಿಜವೇ. ಗಂಡ ಎದುರಿಗಿಲ್ಲದಿದ್ದರೆ ಈ ಊರು ಹೆಂಗಸನ್ನು ಹೇಗೆ ನೋಡುತ್ತದೆ ಅಂತ ಮನೆ ಹುಡುಕಿದ ನನಗೆ ಹೇಳಿಕೊಡಬೇಕಿರಲಿಲ್ಲ. ನಮ್ಮವರೂ ಫೋನಿನಲ್ಲಿ, "ಬಿಡು ಶಮೀಮ್, ಪಾಪದ ಹೆಂಗಸು," ಅಂದರು. ಪಾಪ! ಆ ಶಬ್ದ ಕೇಳಿದರೆ ನನಗೆ ಇವತ್ತಿಗೂ ತಲೆ ಕೆಡುತ್ತದೆ. ಪಾಪ ಅನ್ನಿಸುವುದಿಲ್ಲವೆಂದಲ್ಲ, ಅನ್ನಿಸುತ್ತದೆ. ಆದರೆ ಆಕೆಯ ಗಂಡ ಬಿಟ್ಟುಹೋದದ್ದಕ್ಕೆ ನನ್ನ ಮಗಳು ಯಾಕೆ ಪಿಸುಗುಡಬೇಕು? ಆ ಗಂಡಸು ಗುರುಗುಂಟಾದಲ್ಲಿ ಗಂಟಲು ಬಿಚ್ಚಿ ಮಾತಾಡಿಕೊಂಡು, ಗೊರಕೆ ಹೊಡೆದುಕೊಂಡು ಆರಾಮಾಗಿದ್ದ. ಹೊರೆ ಹೊತ್ತವರು ಅಮರಮ್ಮ, ನಾನು, ನನ್ನ ನಾಲ್ಕು ವರ್ಷದ ಕೂಸು. ಏಪ್ರಿಲಿನಲ್ಲಿ ಶಾಲೆ ಮುಗಿದ ಮರುದಿನವೇ ಸಾಮಾನು ಕಟ್ಟಿದೆ. ಮುಂದೆ ವರ್ಗವಾಗಿ ಸಿಂಧನೂರಿನ ಹತ್ತಿರಕ್ಕೆ ಬಂದೆ. ಮನೆಗೆ ಬಂದರೆ ದನಿಯೂ ಹಿಂದೆಯೇ ಬರುತ್ತದೆ ಅಂದುಕೊಂಡಿದ್ದೆ.

ಬರಲಿಲ್ಲ. ಅದಕ್ಕೇ ಮೊನ್ನೆ ಐತವಾರ, ಯಾರಿಗೂ ಹೇಳದೆ, ಮಗಳನ್ನು ಎಳೆದುಕೊಂಡು ಹೋದದ್ದು. ಆ ಖಾಲಿ ಖೋಲಿಯನ್ನು ಆಕೆಗೆ ಕಣ್ಣಾರೆ ತೋರಿಸಬೇಕು, ಇಷ್ಟು ವರ್ಷ ಬಿಡಿಸಿ ಹೇಳದ್ದನ್ನು, ಯಾರೂ ಇರಲೇ ಇಲ್ಲ ಅಂತ, ತಿಳಿಸಬೇಕು, ಅಲ್ಲೇ ನಿಲ್ಲಿಸಿ ಕೂಗಿಸಬೇಕು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಅಮರಮ್ಮನ ಕೂದಲು ಬೆಳ್ಳಗಾಗಿತ್ತು. ಗೇಟು ತೆರೆದು, "ಬರ್ರಿ ಟೀಚರ್... ಯವ್ವಾ, ಕೂಸು ಎಷ್ಟು ದೊಡ್ಡಾಕಿ ಆಗ್ಯಾಳ!" ಅಂತ ಕೈ ಚಾಚಿದಳು. ಆಫ್ರೀನ್ ಹೋಗಿ ಆಕೆಯ ಸೊಂಟ ತಬ್ಬಿಕೊಂಡಳು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

"ಕುಂದ್ರಾಕ ಬಂದಿಲ್ರಿ. ಮ್ಯಾಲಿನ ಖೋಲಿ ಕೀಲಿ ತಗೀರಿ."

ಆಕೆ ನನ್ನ ಮುಖ ನೋಡಿದಳು, ಕೀಲಿ ತಂದು ಮುಂದೆ ನಡೆದಳು. ಮಗಳು ಬೆರಳ ತುದಿಯಲ್ಲಿ ಮೆಟ್ಟಿಲು ಹತ್ತುತ್ತಿದ್ದಳು. "ಕಾಲು ಊರಿ ಹತ್ತು," ಅಂತ ಗದರಿಸಿದೆ. ಬಾಗಿಲು ತೆರೆಯಿತು. ಮಂಚ ಅಲ್ಲೇ ಇತ್ತು, ಗಾದಿಯೂ ಇರಲಿಲ್ಲ ಈಗ. ಮಗಳನ್ನು ಖೋಲಿಯ ನಡುವೆ ನಿಲ್ಲಿಸಿ ಭುಜ ಹಿಡಿದೆ. ನಾವು ಆಡಿದ್ದು ದಖನಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೋಡು. ಯಾರಾದ್ರೂ ಅದಾರೇನು? ಯಾರೂ ಇಲ್ಲ. ಆವಾಗ್ಲೂ ಯಾರೂ ಇದ್ದಿಲ್ಲ. ಎಲ್ಲಾ ಸುಳ್ಳು. ಈಗ ಕೂಗು. ನಿನಗ ಎಷ್ಟು ಜೋರು ಬೇಕೋ ಅಷ್ಟು ಜೋರು ಕೂಗು."

ಆಕೆ ಸುತ್ತ ನೋಡಲೂ ಇಲ್ಲ. ಏನೋ ಅಂದಳು. ನಾನು ಬಗ್ಗಿದೆ.

"ನನಗ ಗೊತ್ತಿತ್ತು ಅಮ್ಮೀ. ನಾನು, ಈ ಅಕ್ಕ ದಿನಾ ಮಧ್ಯಾಹ್ನ ಇಲ್ಲೇ ಕುಂತು ಉಳ್ಳಾಗಡ್ಡಿ ಆರಸ್ತಿದ್ವಿ."

ಅಮರಮ್ಮ ಬಾಗಿಲಲ್ಲೇ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. "ಮತ್ತ ನನಗ್ಯಾಕ ಹೇಳಲಿಲ್ಲ? ಆಕಿ ಹೇಳಬ್ಯಾಡ ಅಂದಿದ್ಳೇನು?" ಅಂತ ಚೀರಿದೆ.

ಮಗಳು ತಲೆ ಅಲ್ಲಾಡಿಸಿದಳು. ನನ್ನ ಕಿವಿಗೆ ಬಾಯಿ ಹಚ್ಚಿ, ತಪ್ಪು ಮಾಡಿದವಳ ಹಾಗೆ ಅಂದಳು:

"ಹೇಳಿದ್ದೆ ಅಮ್ಮೀ. ನೀ ಮೆಲ್ಲಕ ಹೇಳು ಅಂದಿ. ಮೆಲ್ಲಕ ಹೇಳಿದೆ. ನಿನಗ ಕೇಳಿಸಲಿಲ್ಲ."